ಮರವಿಲ್ಲ, ಮರೆಯೂ ಇಲ್ಲ

ಶೆಟ್‌ಲ್ಯಾಂಡ್‌ನಲ್ಲಿ ಮರಗಳು ತೀರಾ ಕಡಿಮೆ. ಗಾಳಿ ಬೆಳೆಯಗೊಡುವುದಿಲ್ಲ, ಮೊಳೆತದ್ದನ್ನು ಕುರಿಗಳು ಉಳಿಸುವುದಿಲ್ಲ. ಹಾಗಾಗಿ ಯಾರ ಮನೆಗೆ ಯಾರು ಹೋದರು, ಯಾರ ಕಾರು ಎಷ್ಟು ಹೊತ್ತು ನಿಂತಿತ್ತು ಎಂಬುದು ಎದುರು ದಿಬ್ಬದ ಅಡುಗೆಮನೆಯ ಕಿಟಕಿಗೇ ಕಾಣುತ್ತದೆ. ಇಂಥ ಊರಲ್ಲಿ ಕೊಲೆ ಮಾಡಿ ದಕ್ಕಿಸಿಕೊಳ್ಳಲಾದೀತೆ? ಅಪರಾಧ ಕಥೆಗಳ ಲೇಖಕಿ ಆನ್ ಕ್ಲೀವ್ಸ್ ಅವರ ಎಂಟು ಶೆಟ್‌ಲ್ಯಾಂಡ್ ಕಾದಂಬರಿಗಳು ಸುತ್ತುವುದು ಈ ಪ್ರಶ್ನೆಯನ್ನೇ.

ಶೆಟ್‌ಲ್ಯಾಂಡ್ ಎಂದರೆ ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, 60 ಡಿಗ್ರಿ ಅಕ್ಷಾಂಶದಲ್ಲಿ ನೂರರಷ್ಟು ದ್ವೀಪಗಳು. ಜನವಸತಿ ಇರುವುದು 16ರಲ್ಲಿ, ಒಟ್ಟು ಜನ ಸುಮಾರು 23,000. 1970ರ ದಶಕದಲ್ಲಿ ಓದು ಬಿಟ್ಟ ಕ್ಲೀವ್ಸ್, ಫೇರ್ ಐಲ್ ದ್ವೀಪದ ಪಕ್ಷಿ ವೀಕ್ಷಣಾಲಯಕ್ಕೆ ಅಡುಗೆ ಸಹಾಯಕಿಯಾಗಿ ಬಂದರು. ಹಕ್ಕಿ ನೋಡಲು ಬಂದವರೊಬ್ಬರನ್ನು ಮುಂದೆ ಮದುವೆಯೂ ಆದರು. ಮೊದಲ ಕಾದಂಬರಿ ಬಂದದ್ದು 1986ರಲ್ಲಿ. ದೊಡ್ಡ ಹೆಸರಿಗೆ ಇನ್ನೂ 20 ವರ್ಷ ಕಾಯಬೇಕಾಯಿತು. ಒಂದು ನಡುಚಳಿಗಾಲ ಅವರಿಗೆ ಹಿಮದ ಮೇಲೆ ರೇವನ್ ಎಂಬ ದೊಡ್ಡ ಕಾಗೆಗಳು ಕಂಡವು. ಬಿಳಿ ಇದೆ, ಕಪ್ಪು ಇದೆ, ಕೆಂಪೂ ಸೇರಿದರೆ? ಹಾಗೆ ಹುಟ್ಟಿದ ‘ರೇವನ್ ಬ್ಲ್ಯಾಕ್’ 2006ರಲ್ಲಿ 20,000 ಪೌಂಡ್‌ಗಳ ಡಂಕನ್ ಲಾರಿ ಡ್ಯಾಗರ್ ಎಂಬ ಅಪರಾಧ ಸಾಹಿತ್ಯ ಪ್ರಶಸ್ತಿ ಗೆದ್ದಿತು.

ಅದರ ಕಥೆ ಇಷ್ಟು: ಹಿಮದಲ್ಲಿ ಶಾಲಾ ಹುಡುಗಿಯೊಬ್ಬಳ ಶವ. ಊರಿನ ಬೆರಳೆಲ್ಲ ಒಂಟಿ ಮುದುಕ ಮ್ಯಾಗ್ನಸ್ ಟೇಟ್‌ನ ಕಡೆಗೆ. ವರ್ಷಗಳ ಹಿಂದೆ ಕಾಣೆಯಾದ ಮಗುವಿನ ವಿಷಯದಲ್ಲೂ ಅನುಮಾನ ಅವನ ಮೇಲೇ ಇತ್ತು. ವಿಚಾರಣೆಗೆ ಮೊದಲೇ ತೀರ್ಪು ಸಿದ್ಧ. ಪತ್ತೇದಾರನ ನಿಜವಾದ ಕೆಲಸ ಸುಳಿವು ಹುಡುಕುವುದಲ್ಲ, ಊರಿನ ನಂಬಿಕೆಯನ್ನು ಕಳಚುವುದು.

ಆ ಪತ್ತೇದಾರ ಜಿಮ್ಮಿ ಪೆರೆಜ್. ಹುಟ್ಟಿದ್ದು ಫೇರ್ ಐಲ್‌ನಲ್ಲಿ. ಹೆಸರು ಮಾತ್ರ ಸ್ಪ್ಯಾನಿಷ್. 1588ರಲ್ಲಿ ಸ್ಪೇನಿನ ನೌಕಾಪಡೆಯ ‘ಎಲ್ ಗ್ರಾನ್ ಗ್ರಿಫೋನ್’ ಹಡಗು ಒಡೆದು ನಿಂತದ್ದು ಆ ದ್ವೀಪದ ದಡದಲ್ಲೇ. ಶೆಟ್‌ಲ್ಯಾಂಡ್‌ನ ಲೆರ್ವಿಕ್ ಬಂದರಿನ ದಕ್ಷಿಣ ಬಾಯಿಂದ ಹಡಗಲ್ಲಿ ಬಂದಿಳಿಯುವ ಹೊರಗಿನವರನ್ನು ಇಲ್ಲಿ ‘ಸೂತ್‌ಮೂದರ್’ ಎನ್ನುತ್ತಾರೆ. ಪೆರೆಜ್ ಅವರಲ್ಲೊಬ್ಬನಲ್ಲ, ಪೂರಾ ಒಳಗಿನವನೂ ಅಲ್ಲ. ಗದರಿಸುವುದಿಲ್ಲ, ಅಡುಗೆಮನೆಯಲ್ಲಿ ಕೂತು ಚಹಾ ಕುಡಿಯುತ್ತಾನೆ, ಸುಮ್ಮನಿರುತ್ತಾನೆ. ಆ ಮೌನ ತಾಳದೆ ಎದುರಿನವರು ಬಾಯಿ ಬಿಡುತ್ತಾರೆ.

ಅಪರಾಧ ಕಥೆಗೆ ಕತ್ತಲು ಬೇಕೆಂಬ ರೂಢಿಯನ್ನೂ ಈ ದ್ವೀಪಗಳು ಮುರಿಯುತ್ತವೆ. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ತಾಸೂ ಇಲ್ಲ, ನಿಜ. ಆದರೆ ಜೂನ್‌ನಲ್ಲಿ ಮುಗಿಯದ ಮುಸ್ಸಂಜೆ. ಅದು ಊರವರ ಮಾತಲ್ಲಿ ‘ಸಿಮ್ಮರ್ ಡಿಮ್’. ‘ವೈಟ್ ನೈಟ್ಸ್’ ಕಾದಂಬರಿಯಲ್ಲಿ ಸಾವು ಬರುವುದು ಆ ನಿದ್ದೆಗೆಡಿಸುವ ಬೆಳಕಿನಲ್ಲೇ.

2013ರಿಂದ ಈ ಕಾದಂಬರಿಗಳನ್ನು ಆಧರಿಸಿದ ಬಿಬಿಸಿ ಧಾರಾವಾಹಿ ಈ ದ್ವೀಪಗಳನ್ನು ಲೋಕಕ್ಕೆಲ್ಲ ತೋರಿಸಿತು. ನಿಜದ ಶೆಟ್‌ಲ್ಯಾಂಡ್‌ನಲ್ಲಿ ಕೊಲೆ ಬಲು ಅಪರೂಪ. ಕಾದಂಬರಿಗಳ ತೂಕವೂ ಅಲ್ಲೇ ಇದೆ. ಮಹಾನಗರದಲ್ಲಿ ಕೊಲೆಗಾರ ಸಿಕ್ಕರೆ ಕಥೆ ಮುಗಿಯಿತು. ಇಲ್ಲಿ ಹಾಗಲ್ಲ: ಸತ್ತವಳ ತಾಯಿ, ಕೊಂದವನ ತಾಯಿ ಇಬ್ಬರೂ ನಾಳೆ ಹಾಲು ತರಲು ಹೋಗಬೇಕಾದದ್ದು ಒಂದೇ ಅಂಗಡಿಗೆ.