ವಸ್ತು ವಿಜ್ಞಾನ ವಿದ್ಯಾರ್ಥಿಗಳಿಗೆ ಪ್ರಯೋಗಾಲಯದ ಬಾಗಿಲು

ಬೆಂಗಳೂರು: ನಗರದ ಪೂರ್ವಭಾಗದ ಹೊಸ ತಿಪ್ಪಸಂದ್ರದ ಸುತ್ತಮುತ್ತ ವಸ್ತು ವಿಜ್ಞಾನಕ್ಕೆ ಸಂಬಂಧಿಸಿದ ಘಟಾನುಘಟಿ ಸಂಸ್ಥೆಗಳಿವೆ. ಎಚ್‌ಎಎಲ್ ಕಾರ್ಖಾನೆಗಳು, ತೇಜಸ್ ಯುದ್ಧವಿಮಾನಕ್ಕೆ ಸಂಯುಕ್ತ ವಸ್ತುಗಳ ಭಾಗಗಳನ್ನು ಅಭಿವೃದ್ಧಿಪಡಿಸಿದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್), ಕಾವೇರಿ ಎಂಜಿನ್ ವಿನ್ಯಾಸಗೊಳಿಸಿದ ಜಿಟಿಆರ್‌ಇ ಇವೆಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ಆದರೆ ಇದೇ ಬಡಾವಣೆಯಲ್ಲಿ ಕೋಣೆ ಬಾಡಿಗೆಗೆ ಪಡೆದು ಓದುತ್ತಿರುವ ಎಂ.ಎಸ್ಸಿ. ವಿದ್ಯಾರ್ಥಿಗೆ ಈ ಸಂಸ್ಥೆಗಳು ಕಾಣುವುದು ಕಾಂಪೌಂಡಿನ ಹೊರಗಿನಿಂದ ಮಾತ್ರ. ಹಾಗಾದರೆ ಕೈಯಾರೆ ಸಂಶೋಧನೆ ಕಲಿಯುವುದು ಎಲ್ಲಿ?

ಕೈಕೆಲಸ ಏಕೆ ಬೇಕು?

ವಸ್ತು ವಿಜ್ಞಾನದಲ್ಲಿ ಉಪಕರಣ ಕೊಡುವ ಉತ್ತರ ಮಾದರಿಯ ತಯಾರಿಯನ್ನು ಅವಲಂಬಿಸಿರುತ್ತದೆ. ಉಕ್ಕಿನ ತುಂಡೊಂದರ ಒಳರಚನೆ ನೋಡಬೇಕಾದರೆ ಒರಟು ಎಮೆರಿ ಕಾಗದದಿಂದ ಆರಂಭಿಸಿ ನುಣುಪು ಕಾಗದದವರೆಗೆ ಹಂತಹಂತವಾಗಿ ಉಜ್ಜಬೇಕು. ಪ್ರತಿ ಹಂತದಲ್ಲೂ ತುಂಡನ್ನು 90 ಡಿಗ್ರಿ ತಿರುಗಿಸಿ, ಹಿಂದಿನ ಗೀರುಗಳು ಮಾಯವಾಗುವವರೆಗೆ ಕಾಯಬೇಕು. ಬಳಿಕ ಹೊಳಪು ನೀಡಿ, ಮಂದ ಆಮ್ಲದಲ್ಲಿ ಅದ್ದಿದಾಗಲೇ ಸೂಕ್ಷ್ಮದರ್ಶಕದಡಿ ಸ್ಫಟಿಕ ಕಣಗಳ ಗಡಿಗಳು ಕಾಣುತ್ತವೆ. ಅವಸರ ಮಾಡಿದವರು ಗೀರನ್ನೇ ಬಿರುಕೆಂದು ಭಾವಿಸುವ ಅಪಾಯವಿದೆ.

ಕ್ಷ-ಕಿರಣ ವಿವರ್ತನೆಯಲ್ಲೂ ಅಷ್ಟೇ. ಪುಡಿಯ ಮೇಲ್ಮೈ ನಿಗದಿತ ಮಟ್ಟಕ್ಕಿಂತ ತುಸು ಮೇಲೆ ಅಥವಾ ಕೆಳಗಿದ್ದರೂ ನಕ್ಷೆಯ ಶಿಖರಗಳು ಪಕ್ಕಕ್ಕೆ ಸರಿಯುತ್ತವೆ. ವಸ್ತುವಿನ ರಚನೆಯೇ ಬದಲಾಗಿದೆಯೆಂದು ಅನನುಭವಿ ನಂಬಿಬಿಡಬಹುದು. ಪಠ್ಯಪುಸ್ತಕದ ಸೂತ್ರವನ್ನಷ್ಟೇ ಬಲ್ಲವರಿಗೆ ಈ ತಪ್ಪು ಗೋಚರಿಸದು.

ಅವಕಾಶಗಳು ಯಾವುವು?

ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ) ಹಾಗೂ ಮುಂಬೈ ಐಐಟಿಯಲ್ಲಿ 2008ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ (ಐಎನ್‌ಯುಪಿ) ಆರಂಭವಾಯಿತು. ಇದರಲ್ಲಿ ಮೂರು ಮೆಟ್ಟಿಲುಗಳಿವೆ: ಪರಿಚಯ ಶಿಬಿರ, ಕೈಯಾರೆ ತರಬೇತಿ, ನಂತರ ಸ್ವಂತ ಯೋಜನೆ. ಧೂಳನ್ನು ನಿಯಂತ್ರಿಸಿದ ಕೋಣೆಯಲ್ಲಿ, ಬೆಳಕಿಗೆ ಸಂವೇದಿಸುವ ಲೇಪನ ಕೆಡದಂತೆ ಹಳದಿ ದೀಪದಡಿ ಕೆಲಸ ಮಾಡುವ ಅನುಭವ ಸಾಮಾನ್ಯ ಕಾಲೇಜಿನಲ್ಲಿ ದೊರೆಯುವಂಥದ್ದಲ್ಲ.

ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಬೇಸಿಗೆ ಸಂಶೋಧನಾ ಫೆಲೋಶಿಪ್ ನೀಡುತ್ತ ಬಂದಿದೆ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆಗೂಡಿ ನಡೆಸುವ ಬೇಸಿಗೆ ಫೆಲೋಶಿಪ್‌ನಲ್ಲಿ ಆಯ್ಕೆಯಾದವರು ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ದುಡಿಯುತ್ತಾರೆ. ಇದಕ್ಕೆ ಶಿಷ್ಯವೇತನವೂ ಉಂಟು.

ಏನು ಮಾಡಬೇಕು?

ಬೇಸಿಗೆಯ ತರಬೇತಿಗೆ ಬೇಸಿಗೆಯಲ್ಲಿ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಅಕಾಡೆಮಿಗಳು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಅರ್ಜಿ ಸ್ವೀಕರಿಸುತ್ತವೆ. ಅಂಕಪಟ್ಟಿಯ ಜೊತೆಗೆ ಅಧ್ಯಾಪಕರ ಶಿಫಾರಸು ಪತ್ರವೂ ಬೇಕಾಗುತ್ತದೆ. ‘ನಾನು ಕಲಿಯಬಯಸುತ್ತೇನೆ’ ಎಂಬ ಸಾಮಾನ್ಯ ಮಾತಿಗಿಂತ, ಯಾವ ವಸ್ತು, ಅದರ ಯಾವ ಗುಣ, ಏಕೆ ಎಂದು ನಾಲ್ಕು ಸಾಲು ಬರೆಯುವುದು ಲೇಸು.

ಹೊರ ಜಿಲ್ಲೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಬಹುತೇಕ ಸಲ ಅಡ್ಡಿಯಾಗುವುದು ಪ್ರತಿಭೆಯ ಕೊರತೆಯಲ್ಲ, ಸಕಾಲದಲ್ಲಿ ಮಾಹಿತಿ ತಲುಪದಿರುವುದು. ಪ್ರಕಟಣೆಯೊಂದನ್ನು ವಿಭಾಗದ ಸೂಚನಾ ಫಲಕಕ್ಕೆ ಅಂಟಿಸುವ ಅಧ್ಯಾಪಕರೂ ಈ ಬಾಗಿಲು ತೆರೆಯಲು ನೆರವಾಗಬಲ್ಲರು.