ಕೂದಲೆಣ್ಣೆ: ಗಿಡಮೂಲಿಕೆಯ ಗುಣವೋ, ಕಾಲದ ಗುಣವೋ?

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹೆಸರು ಇಂದು ನಾಡಿನ ಗಡಿ ದಾಟಿದೆ. ಇದಕ್ಕೆ ಕಾರಣ ಅಲ್ಲಿನ ಹಕ್ಕಿಪಿಕ್ಕಿ ಸಮುದಾಯದವರು ತಯಾರಿಸುವ 'ಆದಿವಾಸಿ' ಕೂದಲೆಣ್ಣೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ ಬಳಿಕ ಈ ಸಮುದಾಯದ ಅನೇಕರಿಗೆ ಗಿಡಮೂಲಿಕೆ ವ್ಯಾಪಾರವೇ ಆಸರೆಯಾಯಿತು. ವ್ಯಾಪಾರಕ್ಕಾಗಿ ಅವರು ಆಫ್ರಿಕಾದವರೆಗೂ ಹೋಗುತ್ತಾರೆ; 2023ರ ಏಪ್ರಿಲ್‌ನಲ್ಲಿ ಸುಡಾನ್ ಸಂಘರ್ಷದಲ್ಲಿ ಸಿಲುಕಿದ ಕನ್ನಡಿಗರಲ್ಲಿ ಇವರೂ ಇದ್ದರು.

ಎಣ್ಣೆ ಹಚ್ಚಿದ ಮೇಲೆ ಕೂದಲು ಬಂದಿತೆಂಬ ಬಳಕೆದಾರರ ಮಾತು ಸುಳ್ಳಾಗಿರಬೇಕಿಲ್ಲ. ಆದರೆ ಅದು ಎಣ್ಣೆಯಿಂದಲೇ ಬಂದಿತೇ ಎಂಬುದು ಬೇರೆ ಪ್ರಶ್ನೆ.

ತಾನಾಗಿಯೇ ಮರಳುವ ಕೂದಲು

ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ತೀವ್ರ ಜ್ವರ, ಹೆರಿಗೆ ಅಥವಾ ಮಾನಸಿಕ ಆಘಾತವಾದ ಎರಡು-ಮೂರು ತಿಂಗಳ ನಂತರ ಈ ಪ್ರಮಾಣ ಏಕಾಏಕಿ ಹೆಚ್ಚುವುದುಂಟು. ಇಂತಹ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ. ಗಾಬರಿಗೊಂಡವರು ಎಣ್ಣೆ ಕೊಳ್ಳುವುದೂ ಈ ಅವಧಿಯಲ್ಲೇ. ಕಾಲ ಮಾಡಿದ ಕೆಲಸದ ಕೀರ್ತಿ ಬಾಟಲಿಗೆ ಸಲ್ಲುತ್ತದೆ.

ಈವರೆಗಿನ ಪ್ರಯೋಗಗಳು

ದಾಸವಾಳದ ಎಲೆಯ ಸಾರ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಭೃಂಗರಾಜ ಅಂದರೆ ಗರುಗದ ಸಾರ 2008ರ ಅಧ್ಯಯನದಲ್ಲೂ ಕೂದಲ ಬೆಳವಣಿಗೆಯನ್ನು ಪ್ರಚೋದಿಸಿದವು. ಆದರೆ ಭೃಂಗರಾಜದ ಪ್ರಯೋಗ ನಡೆದದ್ದು ಬಿಳಿ ಇಲಿಗಳ ಮೇಲೆ. ಅವುಗಳ ಚರ್ಮ ಮನುಷ್ಯರ ನೆತ್ತಿಯಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 100 ಮಂದಿಯ ಮೇಲೆ ರೋಸ್‌ಮರಿ ಎಣ್ಣೆಯನ್ನು ಶೇ 2ರ ಮಿನಾಕ್ಸಿಡಿಲ್ ಔಷಧದೊಡನೆ ಹೋಲಿಸಲಾಯಿತು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ಕೂದಲ ಸಂಖ್ಯೆ ಹೆಚ್ಚಿತ್ತು. ಆದರೆ ಯಾವ ಔಷಧವನ್ನೂ ಹಚ್ಚದ ಮೂರನೆಯ ಗುಂಪು ಇರಲಿಲ್ಲ. ಬರಿಯ ಕೊಬ್ಬರಿ ಎಣ್ಣೆ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸುತ್ತದೆಂಬುದು ಸಾಬೀತಾಗಿದೆ. ತುಂಡಾಗುವುದು ಕಡಿಮೆಯಾದರೆ ಕೂದಲು ಉದ್ದವಾಗಿಯೂ ಕಾಣಬಹುದು. ಅದು ಹೊಸ ಕೂದಲಲ್ಲ.

ಸರಿಯಾದ ಪರೀಕ್ಷೆ ಹೇಗೆ?

ಒಂದು ಗುಂಪಿಗೆ ಮೂಲಿಕೆ ಬೆರೆಸಿದ ಎಣ್ಣೆ, ಮತ್ತೊಂದಕ್ಕೆ ಅದೇ ಬಣ್ಣ, ಅದೇ ವಾಸನೆಯ ಬರಿಯ ಎಣ್ಣೆ ನೀಡಬೇಕು. ಯಾರಿಗೆ ಯಾವುದು ಸಿಕ್ಕಿದೆಯೆಂದು ಹಚ್ಚಿಕೊಳ್ಳುವವರಿಗೂ ಎಣಿಸುವವರಿಗೂ ತಿಳಿಯಕೂಡದು. ಕನಿಷ್ಠ ಆರು ತಿಂಗಳು ನೆತ್ತಿಯ ಒಂದೇ ಜಾಗದ ಕೂದಲನ್ನು ಎಣಿಸಬೇಕು. 'ಆದಿವಾಸಿ' ಹೆಸರಿನಲ್ಲಿ ಹಲವು ಬಗೆಯ ಬಾಟಲಿಗಳು ಬಿಕರಿಯಾಗುತ್ತಿರುವುದರಿಂದ ಒಂದರ ಫಲಿತಾಂಶ ಇನ್ನೊಂದಕ್ಕೆ ಅನ್ವಯಿಸದು.

ಇಂತಹ ಪರೀಕ್ಷೆ ಸಮುದಾಯದ ವಿರುದ್ಧವಲ್ಲ. ಗೆದ್ದ ಎಣ್ಣೆಗೆ ನಕಲಿಗಳ ನಡುವೆ ನಿಜವಾದ ಬೆಲೆ ಬರುತ್ತದೆ. ಗ್ರಾಹಕರು ಬಾಟಲಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ ಹಾಗೂ ಘಟಕಾಂಶಗಳ ವಿವರ ಇದೆಯೇ ಎಂದು ನೋಡಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದಲೂ ಕೂದಲು ಉದುರುತ್ತದೆ. ಉದುರುವಿಕೆ ಆರು ತಿಂಗಳು ಮೀರಿದರೆ ಅಥವಾ ತಲೆಯಲ್ಲಿ ದುಂಡನೆಯ ಬೋಳು ಕಾಣಿಸಿಕೊಂಡರೆ ಮತ್ತೊಂದು ಬಾಟಲಿ ಕೊಳ್ಳುವ ಬದಲು ಚರ್ಮವೈದ್ಯರನ್ನು ಕಾಣುವುದು ಲೇಸು.