ಉಸಿರು ಮತ್ತು ಅಂಗಸಾಧನೆ

ಶ್ರೀಮಠದ ಪ್ರಸಾದನಿಲಯದ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ತೋಟದ ಬಾವಿಗೆ ಈಜಲು ಹೋಗುವುದು ಹಳೆಯ ರೂಢಿ. ಈ ವರ್ಷ ಅವರ ಪಂದ್ಯವೊಂದು ನಮ್ಮ ಗಮನಕ್ಕೆ ಬಂದಿತು. ನೀರೊಳಗೆ ಹೆಚ್ಚು ಹೊತ್ತು ಮುಳುಗಿರುವವನು ಗೆದ್ದಂತೆ. ಮುಳುಗುವ ಮುನ್ನ ಇಪ್ಪತ್ತು ಮೂವತ್ತು ಸಲ ರಭಸದಿಂದ ಉಸಿರೆಳೆದು ಬಿಡುತ್ತಿದ್ದರು. ವಿಚಾರಿಸಲಾಗಿ, "ಬೆಳಗಿನ ಯೋಗದಲ್ಲಿ ಕಲಿಸಿದ ಭಸ್ತ್ರಿಕಾ, ಬುದ್ಧಿ" ಎಂದರು. ಕಲಿಸಿದವರು ನಾವೇ, ಅದರ ಮಿತಿಯನ್ನು ಹೇಳದೆ ಬಿಟ್ಟವರೂ ನಾವೇ. ಪಂದ್ಯವನ್ನು ಅಂದೇ ನಿಲ್ಲಿಸಿದೆವು. ಕಾರಣವನ್ನು ಪಾಲಕರೂ ತಿಳಿದಿರಬೇಕು.

ಆರೋಗ್ಯವಂತನ ರಕ್ತವು ಸುಮ್ಮನೆ ಕುಳಿತಾಗಲೂ ತಾನು ಹೊರಬಲ್ಲ ಆಮ್ಲಜನಕದ ಶೇಕಡ 95ರಷ್ಟನ್ನು, ಅದಕ್ಕೂ ಹೆಚ್ಚನ್ನು, ಹೊತ್ತಿರುತ್ತದೆ. ರಭಸದ ಉಸಿರಾಟ ತುಂಬಿದ ಕೊಡಕ್ಕೆ ನೀರು ಸುರಿದಂತೆ. ಅದರಿಂದ ಬರಿದಾಗುವುದು ಇಂಗಾಲದ ಡೈಆಕ್ಸೈಡ್. ಉಸಿರಾಡಬೇಕೆಂದು ಮೆದುಳನ್ನು ಎಚ್ಚರಿಸುವುದು ಮುಖ್ಯವಾಗಿ ಈ ಅನಿಲದ ಏರಿಕೆಯೇ. ಕಾವಲುಗಾರನನ್ನೇ ಹೊರಗಟ್ಟಿದ ಮೇಲೆ ಉಸಿರುಕಟ್ಟಿದ ಭಾವ ಬರುವ ಮೊದಲೇ ಆಮ್ಲಜನಕ ಕುಸಿದು ಪ್ರಜ್ಞೆ ತಪ್ಪಬಹುದು. ನೆಲದ ಮೇಲಾದರೆ ಬಿದ್ದವನು ಎದ್ದಾನು. ನೀರಿನಲ್ಲಿ ಅವನು ಕೂಗುವುದಿಲ್ಲ, ಕೈಕಾಲು ಬಡಿಯುವುದಿಲ್ಲ. ದಡದಲ್ಲಿರುವವರು ಅವನು ಗೆಲ್ಲುತ್ತಿದ್ದಾನೆಂದೇ ಎಣಿಸುತ್ತಾರೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಪ್ರಾಣ ಕಳೆದುಕೊಂಡದ್ದುಂಟು.

ಓಟದ ಮಾತು ಬೇರೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಸಾಕಾಗುವ ದೇಹವು ಬಿರುಸಿನ ಓಟದಲ್ಲಿ ನೂರು ಲೀಟರನ್ನೂ ಮೀರಿ ಎಳೆದುಕೊಳ್ಳಬಲ್ಲುದು. ಆಗ ಬಾಯಿ ತೆರೆದು ಉಸಿರಾಡುವುದು ತಪ್ಪಲ್ಲ. ಮೂಗಿನಿಂದಲೇ ಆಗಬೇಕೆಂಬ ಹಟ ನಿಧಾನದ ಓಟಕ್ಕೆ ಮಾತ್ರ ಹೊಂದೀತು. ಸಾಮಾನ್ಯವಾಗಿ ಓಟಗಾರನ ಮಿತಿ ಶ್ವಾಸಕೋಶದಲ್ಲಿಲ್ಲ. ರಕ್ತವನ್ನು ಸಾಗಿಸುವ ಹೃದಯದಲ್ಲಿ, ಅದನ್ನು ಬಳಸುವ ಸ್ನಾಯುಗಳಲ್ಲಿ ಇದೆ. ಅವು ಬಲಿಯುವುದು ಓಟದಿಂದಲೇ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದ ರೋಜರ್ ಬ್ಯಾನಿಸ್ಟರ್ ವೈದ್ಯಕೀಯ ವಿದ್ಯಾರ್ಥಿ. ವ್ಯಾಯಾಮದಲ್ಲಿನ ಉಸಿರಾಟವನ್ನೇ ಸಂಶೋಧಿಸಿದವರು. ಅವರೂ ಆ ಓಟಕ್ಕೆ ಅಣಿಯಾದದ್ದು ಕಾಲು ಮೈಲಿಯನ್ನು ನಡುನಡುವೆ ವಿರಾಮವಿತ್ತು ಹತ್ತು ಹತ್ತು ಸಲ ಓಡಿ.

ಗರಡಿಯ ಹುಡುಗರಿಗೂ ಒಂದು ಮಾತು. ಭಾರ ಎತ್ತುವಾಗ ಉಸಿರನ್ನು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ, ಕಣ್ಣು ಕತ್ತಲಿಡುವುದೂ ಉಂಟು. ದಂಡ ಹೊಡೆಯುವಾಗಲೂ ಮೇಲೇಳುತ್ತ ಉಸಿರು ಬಿಡುವುದು ಲೇಸು.

ಹಾಗಾದರೆ ಪ್ರಾಣಾಯಾಮ ವ್ಯರ್ಥವೇ ಎಂದು ಒಬ್ಬ ಬಾಲಕ ಕೇಳಿದನು. ಅಲ್ಲ. ಉಸಿರನ್ನು ನಿಧಾನವಾಗಿ ಬಿಡುವಾಗ ಹೃದಯದ ಬಡಿತ ತಗ್ಗುತ್ತದೆ. ಪಂದ್ಯಕ್ಕೆ ಮುನ್ನ ನಡುಗುವ ಕೈಗೆ, ಇಷ್ಟಲಿಂಗದಲ್ಲಿ ದೃಷ್ಟಿ ನಿಲ್ಲಿಸಬೇಕಾದ ಮನಸ್ಸಿಗೆ ಅದು ಉಪಕಾರಿ. ಶೂನ್ಯಸಂಪಾದನೆಯ ಗೋರಕ್ಷನು ಕಾಯವನ್ನು ವಜ್ರವಾಗಿಸಿಕೊಂಡದ್ದನ್ನು ಅಲ್ಲಮಪ್ರಭುದೇವರು ಸಿದ್ಧಿಯೆಂದು ಒಪ್ಪಲಿಲ್ಲವೆಂಬುದನ್ನು ಮಾತ್ರ ಅವನಿಗೆ ನೆನಪಿಸಿದೆವು.

ಇನ್ನು ಮುಂದೆ ಭಸ್ತ್ರಿಕಾ ಅಭ್ಯಾಸ ಪ್ರಾರ್ಥನಾ ಮಂದಿರದಲ್ಲಿ, ಕುಳಿತು, ಗುರುಗಳ ಎದುರಿಗೆ ಮಾತ್ರ. ಬಾವಿಗೆ ಇಳಿಯುವಾಗ ಈಜು ಬಲ್ಲ ಹಿರಿಯರೊಬ್ಬರು ದಡದಲ್ಲಿರುತ್ತಾರೆ. ಮುಳುಗುವ ಪಂದ್ಯಕ್ಕೆ ಅನುಮತಿಯಿಲ್ಲ. ರಜೆಗೆ ಊರಿಗೆ ಬರುವ ಮಕ್ಕಳು ಹಳ್ಳ, ಕೆರೆಗಳಲ್ಲಿ ಈ ಆಟ ಆಡದಂತೆ ಪಾಲಕರು ನೋಡಿಕೊಳ್ಳಬೇಕೆಂದು ವಿನಂತಿ.